ಗಾರ್ಡಜ್ಜನನ್ನು ಬರೆದವಳು

‘ಹಳಿಮಿತ್ರ’ವನ್ನು ಎಲ್ಲರೂ ಹಿಂದಿನಿಂದ ಓದುತ್ತಿದ್ದರು. ರೈಲು ಕಂಪನಿ ತನ್ನ ನೌಕರರಿಗೆ ತಿಂಗಳಿಗೊಮ್ಮೆ ಪುಕ್ಕಟೆ ಹಂಚುತ್ತಿದ್ದ ಪತ್ರಿಕೆ ಅದು. ಹದಿನಾರು ಪುಟ. ಮೊದಲ ಪುಟದಲ್ಲಿ ದೊಡ್ಡ ಸಾಹೇಬರು ಯಾವುದೋ ರಿಬ್ಬನ್ನು ಕತ್ತರಿಸುತ್ತಿದ್ದರು. ಒಂದು ತಿಂಗಳು ಸೇತುವೆಯದು, ಇನ್ನೊಂದು ತಿಂಗಳು ನೀರಿನ ಟ್ಯಾಂಕಿನದು, ಕತ್ತರಿ ಮಾತ್ರ ಅದೇ. ಒಳಪುಟಗಳಲ್ಲಿ ನಿವೃತ್ತರಾದವರ ಪಟ್ಟಿ, ವರ್ಗವಾದವರ ಪಟ್ಟಿ, ಯಾವ ಸ್ಟೇಷನ್ನಿನ ಹೂದೋಟಕ್ಕೆ ಬಹುಮಾನ ಬಂತು, ಯಾವ ಪೋರ್ಟರು ಕಳೆದುಹೋದ ಪೆಟ್ಟಿಗೆಯನ್ನು ಪ್ರಾಮಾಣಿಕವಾಗಿ ಹಿಂದಿರುಗಿಸಿದ ಎಂಬ ಸುದ್ದಿ. ಇವನ್ನೆಲ್ಲ ಹೆಸರು ಬಂದವರು ಓದುತ್ತಿದ್ದರು, ಅವರ ಹೆಂಡತಿಯರು ಓದುತ್ತಿದ್ದರು, ಅಲ್ಲಿಗೆ ಮುಗಿಯಿತು. ಕೊನೆಯ ಪುಟದಲ್ಲಿ ಗಾರ್ಡಜ್ಜ ಇರುತ್ತಿದ್ದ. ಅವನನ್ನು ಓದದವರು ಕಂಪನಿಯಲ್ಲೇ ಇರಲಿಲ್ಲ.

ಪೊದೆ ಮೀಸೆ, ಕೈಯಲ್ಲೊಂದು ಲಾಟೀನು, ಕಲ್ಲುಬೆಂಚಿನ ಮೇಲೆ ಕಾಲುಮಡಿಸಿ ಕೂತ ಮುದುಕನ ಚಿತ್ರ. ಕೆಳಗೆ ಅರ್ಧ ಪುಟ ಹರಟೆ. ಗೂಡ್ಸ್ ಗಾಡಿಯ ಗಾರ್ಡಾಗಿ ಮೂವತ್ತೈದು ವರ್ಷ ದುಡಿದು ಮನೆಗೆ ಬಂದ ಅಜ್ಜ, ಈಗ ದುಡಿಯುತ್ತಿರುವವರಿಗೆ ಹೇಳುವ ಮಾತು. ಸೊಸೆಯ ಜೊತೆ ಹೇಗಿರಬೇಕು, ಸಾಹೇಬರು ಬೈದರೆ ಯಾವ ಕಿವಿಯಿಂದ ಕೇಳಬೇಕು, ಮಂಜಿನಲ್ಲಿ ಸಿಗ್ನಲ್ ಕಾಣದಿದ್ದರೆ ಏನು ಮಾಡಬೇಕು, ಎಲ್ಲಕ್ಕೂ ಅವನ ಹತ್ತಿರ ಉತ್ತರವಿತ್ತು. ತಾನು ಅವನನ್ನು ಕಣ್ಣಾರೆ ಕಂಡಿದ್ದೇನೆಂದು ಆಣೆ ಮಾಡುವ, ಹಳಿ ಬದಲಿಸುವ ಪಾಯಿಂಟ್ಸ್‌ಮನ್‌ಗಳು ಕಡಿಮೆಯೆಂದರೂ ಆರು ಜನ ಇದ್ದರು. ಅವರಲ್ಲೊಬ್ಬ ಅಜ್ಜನಿಗೆ ಬೀಡಿ ಹೊತ್ತಿಸಿಕೊಟ್ಟಿದ್ದನಂತೆ.

ಕಂಡವರೆಲ್ಲ ಸುಳ್ಳರು. ಗಾರ್ಡಜ್ಜ ಎಲ್ಲಿಯೂ ಇರಲಿಲ್ಲ. ಅವನನ್ನು ಬರೆಯುತ್ತಿದ್ದದ್ದು ಕಂಪನಿಯ ಪ್ರೆಸ್ಸಿನ ಹಿಂಬದಿಯ ಕೋಣೆಯಲ್ಲಿ ಕೂತು ಕರಡು ತಿದ್ದುತ್ತಿದ್ದ ಒಬ್ಬ ಹೆಂಗಸು. ಪ್ರೆಸ್ಸಿನವರು ಅವಳನ್ನು ಪ್ರೂಫಕ್ಕ ಎನ್ನುತ್ತಿದ್ದರು. ಇಪ್ಪತ್ತಾರು ವರ್ಷ ಅವಳು ಆ ಮುದುಕನ ಬಾಯಾಗಿದ್ದಳು, ಅದು ಅವಳ ಗಂಡನಿಗೂ ಗೊತ್ತಿರಲಿಲ್ಲ.

ಪತ್ರಿಕೆ ಹುಟ್ಟಿದ್ದೇ ಒಂದು ಜಗಳದಿಂದ. ಹದಿನೆಂಟು ದಿನ ಒಂದು ಚಕ್ರವೂ ಉರುಳದ ದೊಡ್ಡ ಮುಷ್ಕರವೊಂದು ನಡೆದಿತ್ತು. ಕೊನೆಗೆ ಕಂಪನಿ ಮಣಿದು ಒಂದು ಒಪ್ಪಂದಕ್ಕೆ ಸಹಿ ಹಾಕಿತು: ಎಂಜಿನ್ ಶೆಡ್ಡಿನ ಯಾವ ಕೆಲಸಗಾರನನ್ನೂ, ಅವನಾಗಿ ಹಕ್ಕು ಬಿಟ್ಟು ಬರೆದುಕೊಡದ ಹೊರತು, ಬೇರೆ ಕೆಲಸ ಕೊಡದೆ ಮನೆಗೆ ಕಳಿಸುವ ಹಾಗಿಲ್ಲ. ಅದೇ ವರ್ಷ, ಸಾಹೇಬರಿಗೂ ಕೆಲಸಗಾರರಿಗೂ ನಡುವೆ ಮಾತುಕತೆ ಇರಲಿ ಎಂದು ‘ಹಳಿಮಿತ್ರ’ ಶುರುವಾಯಿತು. ಒಂದು ಕೈಯಲ್ಲಿ ಒಪ್ಪಂದ ಕೊಟ್ಟರು, ಇನ್ನೊಂದು ಕೈಯಲ್ಲಿ ಪತ್ರಿಕೆ ಕೊಟ್ಟರು. ಯಾವ ಕೈ ಯಾವುದನ್ನು ಯಾವಾಗ ವಾಪಸು ಕೇಳುತ್ತದೆ ಎಂದು ಆಗ ಯಾರು ಯೋಚಿಸಿದ್ದರು!

ಗಾರ್ಡಜ್ಜನನ್ನು ಹುಟ್ಟಿಸಿದವರು ಮೊದಲನೆಯ ಸಂಪಾದಕರು. ನಾಲ್ಕು ತಿಂಗಳು ಬರೆದು ವರ್ಗವಾಗಿ ಹೋದರು. ಎರಡನೆಯವರು ಬಂದ ತಿಂಗಳು ಕೊನೆಯ ಪುಟದಲ್ಲಿ ಅರ್ಧ ಖಾಲಿ ಬಿದ್ದಿತ್ತು, ಮಷಿನ್ನು ಕಾಯುತ್ತಿತ್ತು. ಯಾರೋ ಹೆರಿಗೆ ರಜೆಯ ಮೇಲೆ ಹೋಗಿದ್ದರೆಂದು ಮೂರು ತಿಂಗಳ ಮಟ್ಟಿಗೆ ಕರಡು ತಿದ್ದಲು ಬಂದಿದ್ದ ಇಪ್ಪತ್ತೆರಡರ ಹುಡುಗಿ, “ನಾನು ಒಂದು ಕೈ ನೋಡ್ಲಾ ಸಾರ್?” ಎಂದಳು. ಅವಳ ಅಪ್ಪ ನಿಜವಾಗಿಯೂ ಗೂಡ್ಸ್ ಗಾಡಿಯ ಗಾರ್ಡಾಗಿದ್ದವನು. ಸತ್ತು ಎರಡು ವರ್ಷವಾಗಿದ್ದರೂ ಅವನ ಮಾತಿನ ವರಸೆ ಅವಳ ಕಿವಿಯಲ್ಲಿ ಹಾಗೇ ಇತ್ತು. ಕೂತು ಒಂದೂವರೆ ಗಂಟೆಯಲ್ಲಿ ಬರೆದುಕೊಟ್ಟಳು. ಆ ತಿಂಗಳು ಸಂಪಾದಕರಿಗೆ ಅರವತ್ತು ಕಾಗದ ಬಂದವು, ಎಲ್ಲವೂ ಅಜ್ಜನಿಗೆ.

ಸಂಪಾದಕರು ಅವಳನ್ನು ಕರೆದು ಬಾಗಿಲು ಹಾಕಿದರು. “ನೋಡಮ್ಮ, ಇನ್ಮೇಲೆ ನೀನೇ ಬರಿ. ಆದ್ರೆ ಬಾಯಿ ಬಿಡಬಾರ್ದು. ಅಜ್ಜನ ಮೀಸೆ ಹಿಂದೆ ಒಂದು ಹುಡುಗಿ ಕೂತಿದಾಳೆ ಅಂತ ಗೊತ್ತಾದ್ರೆ ಯಾರು ಓದ್ತಾರೆ?” ಎಂದು ಒಂದು ಕಾಗದದ ಮೇಲೆ ಸಹಿ ಹಾಕಿಸಿಕೊಂಡರು. ಅವಳಿಗೆ ಹೆಮ್ಮೆಯಾಯಿತು. ಬೋನಿಗೆ ಹೋಗುವ ಇಲಿಗೂ ಮೊದಲು ಕಾಣುವುದು ತಿಂಡಿಯೇ.

ರಜೆ ಹೋದವಳು ಮರಳಿ ಬರಲಿಲ್ಲ. ಮೂರು ತಿಂಗಳು ಇಪ್ಪತ್ತಾರು ವರ್ಷವಾಯಿತು. ಪ್ರೂಫಕ್ಕನ ಕೋಣೆಗೆ ಒಂದೇ ಕಿಟಕಿ. ಒಮ್ಮೆ ಬಣ್ಣ ಬಳಿದವರು ಕಿಟಕಿ ಮುಚ್ಚಿರುವಾಗಲೇ ಬಳಿದು ಹೋಗಿ, ಬಣ್ಣ ಒಣಗಿ, ಅದು ಮತ್ತೆ ತೆರೆಯಲಿಲ್ಲ. ಅರ್ಜಿ ಕೊಟ್ಟಳು. ‘ಪರಿಶೀಲಿಸಲಾಗುವುದು’ ಎಂದು ಉತ್ತರ ಬಂತು, ಆ ಉತ್ತರದ ಕರಡನ್ನೂ ಅವಳೇ ತಿದ್ದಿದ್ದಳು. ಆಚೆ ಅಂಗಳದಲ್ಲಿ ರೈಲು ಡಬ್ಬಿಗಳನ್ನು ಜೋಡಿಸುವಾಗ ಗೋಡೆ ನಡುಗುತ್ತಿತ್ತು, ಮೇಜಿನ ಮೇಲಿನ ಕೆಂಪು ಪೆನ್ಸಿಲು ತಾನಾಗಿ ಉರುಳಿ ಕೆಳಗೆ ಬೀಳುತ್ತಿತ್ತು. ದಿನಕ್ಕೆ ಹತ್ತು ಸಲ ಬಗ್ಗಿ ಅದನ್ನು ಎತ್ತಿಕೊಳ್ಳುತ್ತಿದ್ದಳು.

ಅವಳಿಗಿದ್ದದ್ದು ಒಂದೇ ಆಸೆ: ಟಿಕೆಟ್ ಕೌಂಟರಿನಲ್ಲಿ ಕೂರಬೇಕು. ಎದುರಿಗೆ ಜನ ಬರಬೇಕು, ಮುಖ ಕಾಣಬೇಕು, ಎಲ್ಲಿಗೆ ಎಂದು ಕೇಳಬೇಕು. ಮೂರು ಸಲ ಪರೀಕ್ಷೆ ಬರೆದಳು, ಮೂರು ಸಲವೂ ಪಾಸಾದಳು. ಮೂರು ಸಲವೂ ಆಗಿನ ಸಂಪಾದಕರು ‘ಇವರನ್ನು ಬಿಡುಗಡೆ ಮಾಡಲಾಗದು’ ಎಂದು ಬರೆದರು. ಕಾರಣ ಬರೆಯುವ ಜಾಗದಲ್ಲಿ ಗೆರೆ ಎಳೆದಿರುತ್ತಿದ್ದರು, ಯಾಕೆಂದರೆ ಕಾರಣ ಹೇಳುವ ಹಾಗಿರಲಿಲ್ಲ. ಒಬ್ಬ ಸಂಪಾದಕರಂತೂ ನಗುತ್ತ, “ಅಜ್ಜನ್ನ ಯಾರಿಗೆ ಬಿಟ್ಟು ಹೋಗ್ತೀಯಮ್ಮ? ವಯಸ್ಸಾದವರು!” ಎಂದಿದ್ದರು. ಸಂಪಾದಕರು ಮೂರು ವರ್ಷಕ್ಕೊಬ್ಬರು ಬಂದರು, ಬಡ್ತಿ ಪಡೆದು ಹೋದರು. ಅವಳು ಅಲ್ಲೇ ಇದ್ದಳು.

ಗಂಡ ಎಂಜಿನ್ ಶೆಡ್ಡಿನಲ್ಲಿ ಫಿಟ್ಟರ್. ಮದುವೆಯಾಗಿ ಹತ್ತು ದಿನವಾಗಿರಲಿಲ್ಲ, ಆ ತಿಂಗಳ ಸಂಚಿಕೆ ಮನೆಗೆ ಬಂತು. ಫಿಟ್ಟರ್ ಬಾಗಿಲ ಮೆಟ್ಟಿಲ ಮೇಲೆ ಕೂತು ಗಾರ್ಡಜ್ಜನನ್ನು ಗಟ್ಟಿಯಾಗಿ ಓದಿದ. ಓದಿ ಓದಿ ನಕ್ಕ. “ಈ ಅಜ್ಜ ನಮ್ಮಪ್ಪ ಆಗಿದ್ರೆ ನಾನು ಎಲ್ಲೋ ಇರ್ತಿದ್ದೆ ಕಣೇ” ಎಂದ. ಅವಳಿಗೆ ನಾಲಿಗೆಯ ತುದಿಗೆ ಬಂದಿತ್ತು. ಇನ್ನೊಂದು ದಿನ ಹೇಳಿ ಬೆಚ್ಚಿಬೀಳಿಸೋಣ ಎಂದು ನುಂಗಿಕೊಂಡಳು. ಹೇಳಬೇಕಾದ ದಿನ ಹೇಳದ ಮಾತು ಆಮೇಲೆ ಹೇಳಿದರೆ ತಪ್ಪೊಪ್ಪಿಗೆಯಾಗುತ್ತದೆ. ಹಾಗೆ ವರ್ಷಗಳು ಕಳೆದವು.

ಅಷ್ಟೇ ಆಗಿದ್ದರೆ ಪರವಾಗಿರಲಿಲ್ಲ. ಫಿಟ್ಟರ್ ಮನೆಯಲ್ಲಿ ಯಾವ ವಾದವನ್ನೂ ಗಾರ್ಡಜ್ಜನಿಂದಲೇ ಮುಗಿಸುತ್ತಿದ್ದ. ಅಕ್ಕನ ಊರಿಗೆ ನಾಲ್ಕು ದಿನ ಹೋಗಿಬರುತ್ತೇನೆಂದರೆ, “ಗಾರ್ಡಜ್ಜ ಹೇಳಿಲ್ವಾ, ಮನೆ ಬಿಟ್ಟ ಗಾಡಿಗೆ ಹೊತ್ತಿಲ್ಲ ಅಂತ?” ಎನ್ನುತ್ತಿದ್ದ. ಟಿಕೆಟ್ ಕೌಂಟರಿನ ಆಸೆ ಹೇಳಿಕೊಂಡು ಕಣ್ಣೀರು ಹಾಕಿದ ದಿನ, “ಕೂತ ಸೀಟಿಗೆ ಬೆನ್ನು ಒಗ್ಗಿಸ್ಕೋ ಅಂತ ಅಜ್ಜ ಮೊನ್ನೆ ತಾನೆ ಬರೆದಿದ್ದಾನೆ” ಎಂದ. ತಾನು ಯಾರನ್ನೋ ಸಮಾಧಾನ ಮಾಡಲು ಬರೆದ ಮಾತು ತನ್ನ ತಲೆಗೇ ಬಂದು ಬಡಿಯುತ್ತಿತ್ತು. ಒಮ್ಮೆ ಸಿಟ್ಟಿಗೆ, ಹೆಂಡತಿ ಮಾತು ಕೇಳದವನ ಗಾಡಿಗೆ ಬ್ರೇಕಿಲ್ಲ ಎಂದು ಗಾರ್ಡಜ್ಜನಿಂದಲೇ ಬರೆಸಿದಳು. ಫಿಟ್ಟರ್ ಅದನ್ನು ಎರಡು ಸಲ ಓದಿ, ನಿಟ್ಟುಸಿರು ಬಿಟ್ಟು, “ಅಜ್ಜನ ಹೆಂಡತಿ ಬುದ್ಧಿವಂತೆ ಇರಬೇಕು. ಪುಣ್ಯವಂತ” ಎಂದ. ಹಿತ್ತಲ ಗಿಡ ಮದ್ದಲ್ಲ ಎಂದು ಸುಮ್ಮನೆ ಹೇಳುತ್ತಾರೆಯೇ?

ಆದರೂ ಅವನು ಕೆಟ್ಟವನಲ್ಲ. ಶೆಡ್ಡಿನಲ್ಲಿ ಅನೇಕರಿಗೆ ಓದು ಅಷ್ಟಕ್ಕಷ್ಟೆ, ಓದಬಲ್ಲವರಿಗೆ ಕನ್ನಡಕದ ಕಾಟ. ಸಂಚಿಕೆ ಬಂದ ದಿನ ಮಧ್ಯಾಹ್ನದ ಊಟದ ಹೊತ್ತಿನಲ್ಲಿ ನಲವತ್ತು ಫಿಟ್ಟರು ವೆಲ್ಡರುಗಳು ಡಬ್ಬಿ ಬಿಚ್ಚಿಕೊಂಡು ಸುತ್ತ ಕೂರುತ್ತಿದ್ದರು. ಇವನು ತಿರುಗಿಸಿಟ್ಟ ಎಣ್ಣೆ ಡ್ರಮ್ಮಿನ ಮೇಲೆ ಕೂತು ಗಾರ್ಡಜ್ಜನನ್ನು ಓದುತ್ತಿದ್ದ. ಅಜ್ಜನ ಗಂಟಲಿನಲ್ಲಿ ಓದುತ್ತಿದ್ದ, ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸುತ್ತಿದ್ದ. ಪಕ್ಕದ ಮನೆಯ ವೆಲ್ಡರ್ ಅವಳಿಗೆ ಎಷ್ಟೋ ಸಲ ಹೇಳಿದ್ದ: “ಅಕ್ಕ, ಅಜ್ಜನ್ನ ಓದಿದ್ರೆ ಅಣ್ಣನೇ ಓದ್ಬೇಕು. ನಾವು ಓದಿದ್ರೆ ಬರೀ ಅಕ್ಷರ.”

ಡೀಸೆಲ್ ಎಂಜಿನ್ನುಗಳು ಬರತೊಡಗಿದ ಮೇಲೆ ಶೆಡ್ಡಿನ ಕೆಲಸ ಕರಗುತ್ತ ಬಂತು. ಹಬೆಯ ಎಂಜಿನ್ನು ಬಿಡದೆ ಕಾಯಿಲೆ ಬೀಳುವ ಜಾತಿ, ಅದಕ್ಕೆ ಮುನ್ನೂರ ನಲವತ್ತು ಜನ ಬೇಕಿತ್ತು. ಡೀಸೆಲ್ಲಿಗೆ ಬೇಡ. ಒಂದು ಬೆಳಿಗ್ಗೆ ಗೇಟಿಗೆ ನೋಟೀಸು ಅಂಟಿತು: ಈ ಶೆಡ್ಡು ಮುಚ್ಚಿ ದೂರದ ಜಂಕ್ಷನ್ನಿನಲ್ಲಿ ಹೊಸ ಶೆಡ್ಡು ತೆರೆಯಲಾಗುವುದು, ಇಲ್ಲಿನ ಹಕ್ಕು ಬಿಟ್ಟು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದವರಿಗೆ ಅಲ್ಲಿ ಮೊದಲ ಆದ್ಯತೆ. ಆದ್ಯತೆ ಎಂದರೆ ಕೆಲಸವೇ ಎಂದು ಜನ ತಿಳಿದುಕೊಂಡರು. ತಿಳಿದುಕೊಳ್ಳಲಿ ಎಂದೇ ಹಾಗೆ ಬರೆದದ್ದು.

ಕಂಪನಿಯ ಕಾಗದಗಳೆಲ್ಲ ಅಚ್ಚಾಗುತ್ತಿದ್ದದ್ದು ಅದೇ ಪ್ರೆಸ್ಸಿನಲ್ಲಿ. ನೋಟೀಸಿನ ಹಿಂದೆಯೇ ‘ಗುಪ್ತ’ ಎಂಬ ಮುದ್ರೆ ಒತ್ತಿದ ಇನ್ನೊಂದು ಕರಡು ಪ್ರೂಫಕ್ಕನ ಮೇಜಿಗೆ ಬಂತು: ಹೊಸ ಶೆಡ್ಡಿನ ಹುದ್ದೆಗಳ ಪಟ್ಟಿ. ಅವಳು ಕೆಂಪು ಪೆನ್ಸಿಲು ಹಿಡಿದು ಸಾಲುಸಾಲಾಗಿ ಇಳಿದಳು. ಒಟ್ಟು ಅರವತ್ತೆರಡು. ಅಚ್ಚಿನ ತಪ್ಪಿರಬೇಕೆಂದು ಮೂಲ ಕಾಗದ ತೆಗೆದು ನೋಡಿದಳು. ಅದರಲ್ಲೂ ಅರವತ್ತೆರಡೇ. ಉಳಿದವರು ಹಕ್ಕು ಬಿಟ್ಟು ಬರೆದುಕೊಟ್ಟ ಮೇಲೆ ಹಳೆಯ ಒಪ್ಪಂದವೂ ಅವರನ್ನು ಕಾಯುವುದಿಲ್ಲ. ಸಹಿ ಹಾಕದೆ ಕೂತರೆ ಕಂಪನಿ ಪ್ರತಿಯೊಬ್ಬನಿಗೂ ಎಲ್ಲಾದರೂ ಕೆಲಸ ಹುಡುಕಿಕೊಡಲೇಬೇಕು. ಅಂಗೈಯಷ್ಟು ಕಾಗದದಲ್ಲಿ ಇಡೀ ಕಥೆ ಇತ್ತು, ಅದನ್ನು ಹೊರಗೆ ಹೇಳಿದರೆ ಅವಳ ಕೆಲಸ ಹೋಗುತ್ತಿತ್ತು. ಗಂಡನ ಕೆಲಸವೇ ತೂಗಾಡುತ್ತಿರುವಾಗ ಇರುವ ಇನ್ನೊಂದನ್ನೂ ಕಳೆದುಕೊಳ್ಳುವುದು ಹೇಗೆ?

ಆ ಸಂಜೆ ಊಟಕ್ಕೆ ಬಡಿಸುತ್ತ, “ಸೈನ್ ಮಾಡೋಕೆ ಅವಸರ ಮಾಡ್ಬೇಡಿ” ಎಂದಳು.

“ಯಾಕೆ?”

“ಯಾಕೋ. ಆದ್ಯತೆ ಅಂತಾರೆ, ಕೆಲಸ ಅಂತ ಎಲ್ಲೂ ಬರೆದಿಲ್ಲ.”

“ನೀನು ಕಾಗುಣಿತ ನೋಡೋಳು, ನಿಂಗೆ ಎಲ್ಲದ್ರಲ್ಲೂ ತಪ್ಪೇ ಕಾಣುತ್ತೆ” ಎಂದು ಅವನು ನಕ್ಕ. ಆಮೇಲೆ ಗಂಭೀರನಾಗಿ, “ನಾವ್ಯಾರೂ ಇನ್ನೂ ಸೈನ್ ಮಾಡಿಲ್ಲ. ಈ ತಿಂಗಳು ಗಾರ್ಡಜ್ಜ ಏನಂತಾನೆ ನೋಡೋಣ ಅಂತ ಕೂತಿದೀವಿ” ಎಂದ.

ಇದು ಸಾಹೇಬರಿಗೂ ಗೊತ್ತಿತ್ತು. ಮರುದಿನವೇ ಒಂಬತ್ತನೆಯ ಸಂಪಾದಕರು ಅವಳನ್ನು ಕರೆಸಿದರು. ಕೆಟ್ಟ ಮನುಷ್ಯರೇನಲ್ಲ, ಕುರ್ಚಿಯಷ್ಟೇ ಮನುಷ್ಯರು. “ಈ ಸಲ ಅಜ್ಜ ಸೈನ್ ಮಾಡಿ ಅಂತ ಹೇಳ್ಬೇಕಮ್ಮ. ಮೇಲಿಂದ ಬಂದಿದೆ” ಎಂದರು.

ಪ್ರೂಫಕ್ಕ ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ, “ಆಗಲ್ಲ ಸಾರ್” ಎಂದಳು.

“ಆಗಲ್ಲ ಅಂದ್ರೆ?”

“ನಂಗೆ ಬರೆಯೋಕೆ ಬರ್ತಿಲ್ಲ ಸಾರ್. ತಲೆ ಓಡ್ತಿಲ್ಲ.” ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಉತ್ತರ.

ಸಂಪಾದಕರು ಪೆನ್ನಿನ ಮುಚ್ಚಳ ತೆಗೆದರು. “ಸರಿ, ಬಿಡಿ. ನಾನೇ ಬರೀತೀನಿ. ಅದೇನು ಬ್ರಹ್ಮವಿದ್ಯೆನಾ?”

ಅವಳು ಹೊರಗೆ ಬಂದು ಗೋಡೆಗೆ ಒರಗಿ ನಿಂತಳು. ಎದೆಯ ಮೇಲಿನ ಕಲ್ಲು ಇಳಿದಿತ್ತು. ಬರೆಯಲಿ, ಪುಣ್ಯಾತ್ಮ. ಅವರ ಗಾರ್ಡಜ್ಜ ಹೇಗಿರುತ್ತಾನೆಂದು ಅವಳಿಗೆ ಗೊತ್ತಿಲ್ಲವೇ? ನಾಲ್ಕು ಸಾಲು ಓದುವಷ್ಟರಲ್ಲಿ ಶೆಡ್ಡಿನ ನಲವತ್ತು ಜನರಿಗೂ ಇದು ನಮ್ಮ ಅಜ್ಜನಲ್ಲ ಎಂದು ವಾಸನೆ ಬಡಿಯುತ್ತದೆ. ಯಾರೂ ಸಹಿ ಹಾಕುವುದಿಲ್ಲ. ತನ್ನ ಗಂಡನಂತೂ ಹಾಕುವುದೇ ಇಲ್ಲ.

ಸಂಪಾದಕರ ಗಾರ್ಡಜ್ಜ ಬಂದ. ಕಂಪೋಸಿಟರ್ ಮುದುಕ ಅಚ್ಚಿನ ಮೊಳೆ ಜೋಡಿಸುತ್ತ ಗಟ್ಟಿಯಾಗಿ ಓದಿದ: “‘ಮೇಲ್ಕಾಣಿಸಿದ ಒಪ್ಪಿಗೆ ಪತ್ರಕ್ಕೆ ಸಂಬಂಧಿಸಿದಂತೆ, ನನ್ನ ಪ್ರೀತಿಯ ಮಕ್ಕಳಿರಾ, ತಾವುಗಳು ಸಕಾಲದಲ್ಲಿ ಸಹಿ ಮಾಡತಕ್ಕದ್ದು...’ ಏನ್ ತಾಯಿ ಇದು, ಗಾರ್ಡಜ್ಜನೋ ನೋಟೀಸ್ ಬೋರ್ಡೋ?”

“ಇದ್ದ ಹಾಗೇ ಜೋಡಿಸಿ. ಒಂದಕ್ಷರ ಮುಟ್ಟಬೇಡಿ” ಎಂದಳು ಪ್ರೂಫಕ್ಕ. ಒಳಗೊಳಗೇ ನಗು ಬರುತ್ತಿತ್ತು.

ಮಧ್ಯಾಹ್ನ ಕರಡು ಮೇಜಿಗೆ ಬಂತು. ಆ ಪ್ರೆಸ್ಸಿನ ರೀತಿ ಹೀಗೆ: ಕರಡಿನ ಅಂಚಿನಲ್ಲಿ ಏನು ಬರೆದಿದ್ದರೂ, ಕೆಳಗೆ ಪ್ರೂಫಕ್ಕನ ಸಹಿ ಇದ್ದರೆ ಕಂಪೋಸಿಟರ್ ಮರುಮಾತಿಲ್ಲದೆ ಅದನ್ನೇ ಜೋಡಿಸುತ್ತಿದ್ದ. ಆಮೇಲೆ ಅದನ್ನು ಯಾರೂ ಮತ್ತೆ ನೋಡುತ್ತಿರಲಿಲ್ಲ, ನೇರ ಮಷಿನ್ನಿಗೆ.

ಬರೀ ಕಾಗುಣಿತ ನೋಡಿ ಕಳಿಸಿಬಿಡುವುದೆಂದು ಕೂತಳು. ಎರಡು ಒತ್ತಕ್ಷರ ತಪ್ಪಿದ್ದವು, ತಿದ್ದಿದಳು. ‘ತಾವುಗಳು’ ಎಂದಿತ್ತು. ಅಪ್ಪ ಜನ್ಮದಲ್ಲಿ ಯಾರಿಗೂ ‘ತಾವುಗಳು’ ಎಂದವನಲ್ಲ. ಒಂದೇ ಒಂದು ಪದ ತಾನೆ ಎಂದು ಅದನ್ನು ಹೊಡೆದು ‘ನೀವು’ ಮಾಡಿದಳು. ‘ಮೇಲ್ಕಾಣಿಸಿದ’ ಎಂಬಲ್ಲಿ ಪೆನ್ಸಿಲು ನಿಂತಿತು. ಅಪ್ಪನ ಬೆಂಚಿನ ಮೇಲೆ ಯಾರೋ ಗುಮಾಸ್ತ ಕೂತು, ಅಪ್ಪನ ಮೀಸೆ ಅಂಟಿಸಿಕೊಂಡು ಮಾತಾಡಿದ ಹಾಗಿತ್ತು. ನಾಳೆ ಶೆಡ್ಡಿನಲ್ಲಿ ಇದನ್ನು ಓದಿ ನಲವತ್ತು ಜನ ಅಜ್ಜನನ್ನು ನೋಡಿ ನಗುತ್ತಾರೆ. ನಗಲಿ ಎಂದುಕೊಂಡವಳೇ ಅವಳು. ಆದರೆ ಆ ನಗು ಕಿವಿಗೆ ಕೇಳಿದಂತಾದಾಗ ಸಹಿಸಲಾಗಲಿಲ್ಲ. ಆ ಸಾಲನ್ನೂ ಹೊಡೆದಳು.

ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ಇಪ್ಪತ್ತಾರು ವರ್ಷ ಕೈಗೆ ಅಂಟಿದ ಗುಣವೂ ಕಡಿಮೆಯದಲ್ಲ. ಒಂದು ಸಾಲು ಸರಿಯಾದ ಮೇಲೆ ಪಕ್ಕದ ಸಾಲು ಸೊಟ್ಟಗೆ ಕಂಡಿತು. ಅದನ್ನು ನೆಟ್ಟಗೆ ಮಾಡಿದರೆ ಮುಂದಿನದು. ವಿಷಯಕ್ಕೆ ನಾನು ಕೈ ಹಾಕುತ್ತಿಲ್ಲ, ಬರೀ ಭಾಷೆ ಎಂದು ತನಗೆ ತಾನೇ ಹೇಳಿಕೊಂಡಳು. ಅಂಚು ತುಂಬಿ, ಕಾಗದ ಸಾಲದೆ, ಇನ್ನೊಂದು ಚೀಟಿ ಅಂಟಿಸಿದಳು. ಕೊನೆಯಲ್ಲಿ ಏನೋ ಕೊರತೆ ಅನ್ನಿಸಿತು. ಅಪ್ಪ ಒಮ್ಮೆ, ಅವಳು ಚಿಕ್ಕವಳಿದ್ದಾಗ, ಅವಳ ಕೈ ಹಿಡಿದು ಗಾಡಿ ಬದಲಿಸಿದ್ದು ನೆನಪಾಯಿತು. ಪೆನ್ಸಿಲು ತಾನಾಗಿ ಓಡಿತು: ‘ಗಾಡಿ ಬದಲಾಯಿಸುವಾಗ ಹಳೇ ಗಾಡಿಯ ಹಿಡಿ ಬಿಡಬೇಕು ಕಣ್ರಪ್ಪ. ಎರಡನ್ನೂ ಹಿಡಿದು ನಿಂತವನು ಎರಡರಲ್ಲೂ ಹೋಗೋದಿಲ್ಲ, ನಡುವೆ ಬೀಳ್ತಾನೆ.’

ಓದಿ ನೋಡಿದಳು. ಚೆನ್ನಾಗಿತ್ತು. ಎಷ್ಟು ಚೆನ್ನಾಗಿತ್ತೆಂದರೆ, ಬಹಳ ವರ್ಷದಿಂದ ಇಂಥ ಸಾಲು ಬಂದಿರಲಿಲ್ಲ ಎನ್ನಿಸಿ ಮುಖ ಅರಳಿತು. ಕೆಳಗೆ ಸಹಿ ಹಾಕಿದಳು. ಅಂದು ಮನೆಗೆ ನಡೆದು ಹೋಗುವಾಗ, ಕೆಲಸ ಅಚ್ಚುಕಟ್ಟಾಗಿ ಮುಗಿಸಿದವರಿಗೆ ಆಗುವ ಸಮಾಧಾನವೇ ಅವಳಿಗೂ ಆಗಿತ್ತು. ತಾನು ಏನು ಮಾಡಿದೆ ಎಂಬುದು ಅವಳಿಗೆ ಹೊಳೆಯಲೇ ಇಲ್ಲವೋ, ಹೊಳೆಯಲು ಬಿಡಲಿಲ್ಲವೋ, ಅವಳೇ ಮುಂದೆ ಎಷ್ಟು ಕೇಳಿಕೊಂಡರೂ ತೀರ್ಮಾನವಾಗಲಿಲ್ಲ.

ಸಂಚಿಕೆ ಹೊರಬಂದ ದಿನ ಸಂಪಾದಕರು ಅವಳ ಕೋಣೆಯವರೆಗೆ ತಾವೇ ಬಂದರು. “ನೋಡಿದ್ರಾ? ನಂಗೂ ಬರುತ್ತೆ ಬರೆಯೋಕೆ!” ಎಂದರು. ತಮ್ಮದೇ ಬರಹ ಎಂದು ಅವರು ಮನಸಾರೆ ನಂಬಿದ್ದರು. ಅಚ್ಚಿನಲ್ಲಿ ಬಂದ ಮೇಲೆ ಎಲ್ಲ ಚೆನ್ನಾಗಿಯೇ ಕಾಣುತ್ತದೆ ಎಂದುಕೊಂಡಿರಬೇಕು. ಪ್ರೂಫಕ್ಕ ಕೊನೆಯ ಪುಟ ತಿರುಗಿಸಿ ಓದಿದಳು. ಮೊದಲ ಬಾರಿಗೆ ಅದನ್ನು ಪೆನ್ಸಿಲು ಹಿಡಿಯದೆ, ಶೆಡ್ಡಿನವನೊಬ್ಬ ಓದುವ ಹಾಗೆ ಓದಿದಳು. ಇದು ಗಾರ್ಡಜ್ಜನೇ. ಅಪ್ಪಟ ಗಾರ್ಡಜ್ಜ.

ಗೋಡೆ ಗಡಿಯಾರ ನೋಡಿದಳು, ಊಟದ ಹೊತ್ತು ಮುಗಿದು ಅರ್ಧ ಗಂಟೆಯಾಗಿತ್ತು. ತಲೆನೋವೆಂದು ಹೇಳಿ ಹೊರಟು, ಶೆಡ್ಡಿನವರೆಗೆ ಅರ್ಧ ಓಡಿದಳು, ಅರ್ಧ ನಡೆದಳು. ಗೇಟಿನಲ್ಲಿ ಕಾವಲಿನವನು, “ಹೆಂಗಸರಿಗೆ ಒಳಗೆ ಇಲ್ಲಮ್ಮ” ಎಂದ. “ನಮ್ಮನೆಯವರನ್ನ ಕರೀರಿ” ಎಂದಳು. ಅವನು ಒಳಗೆ ಹೋಗಿ ಬಂದು, “ಸೈನ್ ಮಾಡೋ ಸಾಲಲ್ಲಿದಾರಂತೆ. ಸಂಜೆ ಮನೆಗೆ ಬರ್ತೀನಿ ಅಂತ ಹೇಳಿದ್ರು” ಎಂದ.

ಫಿಟ್ಟರ್ ಎಂದಿಗಿಂತ ಬೇಗ ಮನೆಗೆ ಬಂದ. ಮುಖದಲ್ಲಿ ತಿಂಗಳಿಂದ ಕಾಣದ ಬೆಳಕಿತ್ತು. ಚಪ್ಪಲಿ ಬಿಡುತ್ತಲೇ ಶುರುಮಾಡಿದ. “ಮುಗೀತು ಕಣೇ. ಅಜ್ಜ ಏನು ಬರೆದಿದ್ದಾನೆ ಅಂತೀಯ! ಓದ್ತಾ ಓದ್ತಾ ನಂಗೇ ಹೌದು ಅನ್ನಿಸ್ತು. ವೆಲ್ಡರ್ ಎದ್ದು ನಿಂತು, ನಡೀರೋ, ಅಜ್ಜ ಹೇಳಿದ ಮೇಲೆ ಇನ್ನೇನು ಅಂದ. ನಲವತ್ತು ಜನಾನೂ ಸಾಲಾಗಿ ಹೋಗಿ ಸೈನ್ ಮಾಡಿದ್ವಿ. ನಮ್ಮನ್ನ ನೋಡಿ ಬಾಯ್ಲರ್ ಕಡೆಯೋರೂ ಮಾಡಿದ್ರು. ನೀನ್ಯಾಕೆ ಗೇಟಿಗೆ ಬಂದಿದ್ದೆ?”

ಅವಳು ಬಾಗಿಲು ಹಾಕಿ ಬಂದಳು. “ಕೂತ್ಕೊಳ್ಳಿ” ಎಂದಳು. ಅರವತ್ತೆರಡರ ಪಟ್ಟಿಯ ಮಾತು ಹೇಳಿದಳು. ಆಮೇಲೆ ಇನ್ನೊಂದನ್ನೂ ಹೇಳಿದಳು, ಈ ತಿಂಗಳದ್ದನ್ನು ಮಾತ್ರ ಸಂಪಾದಕರು ಬರೆದದ್ದೆಂದೂ ಹೇಳಿದಳು.

ಅವನು ನಕ್ಕ. “ನೀನು ಗಾರ್ಡಜ್ಜ?”

“ಓದಿ” ಎಂದಳು. “ಎಲ್ಲಿಂದಲಾದ್ರೂ ಓದಿ.”

ಅವನು ಸಂಚಿಕೆ ಬಿಡಿಸಿ ನಡುವಿನ ಒಂದು ಸಾಲನ್ನು ಓದಿದ. ಮುಂದಿನ ಸಾಲನ್ನು ಅವಳು ಹೇಳಿದಳು. ಅದರ ಮುಂದಿನದನ್ನೂ ಹೇಳಿದಳು. ಅಲ್ಲಿಗೆ ನಿಲ್ಲಿಸದೆ ಹೋದ ತಿಂಗಳದ್ದು, ಹೋದ ವರ್ಷದ್ದು, ಮದುವೆಯಾದ ಹತ್ತು ದಿನಕ್ಕೆ ಅವನು ಮೆಟ್ಟಿಲ ಮೇಲೆ ಓದಿ ನಕ್ಕದ್ದು, ಎಲ್ಲ ಹೇಳಿದಳು. ಅವನ ನಗು ಯಾವಾಗ ನಿಂತಿತೋ ಇಬ್ಬರಿಗೂ ತಿಳಿಯಲಿಲ್ಲ.

“ಇದನ್ನ ಸಾಹೇಬ್ರು ಬರೆದದ್ದು ಅಂದ್ಯಲ್ಲ” ಎಂದ.

“ಬರೆದದ್ದು ಅವರೇ. ನಾನು ತಿದ್ದಿದೆ ಅಷ್ಟೆ.”

“ಹಳೇ ಗಾಡಿ ಹಿಡಿ ಬಿಡಬೇಕು ಅನ್ನೋ ಮಾತು?”

ಅವಳು ಸಂಚಿಕೆಯನ್ನು ಮಡಿಸತೊಡಗಿದಳು.

“ಹೇಳೇ. ಅದು ಯಾರ್ದು?”

“ನಂದು.”

“ಅಲ್ಲಿವರೆಗೂ ನಾವ್ಯಾರೂ ಎದ್ದಿರ್ಲಿಲ್ಲ” ಎಂದ ಫಿಟ್ಟರ್. “ಆ ಮಾತಿಗೇ ಎದ್ದದ್ದು.”

ಅವಳು ಅಳುತ್ತಾಳೆಂದು ಅವನು ಕಾದನೋ, ಅವನು ಹೊಡೆಯುತ್ತಾನೆಂದು ಅವಳು ಕಾದಳೋ, ಎರಡೂ ಆಗಲಿಲ್ಲ. ಅವನು ಎದ್ದು ಹೊರಟ. ವೆಲ್ಡರನಿಗೆ, ಉಳಿದವರಿಗೆ, ಎಲ್ಲರಿಗೂ ಹೇಳಿಬಿಡಬೇಕೆಂದೇ ಹೊರಟದ್ದು. ಬಾಗಿಲ ಚಿಲಕಕ್ಕೆ ಕೈ ಹಾಕಿದ. ಪಕ್ಕದ ಮನೆಯಲ್ಲಿ ವೆಲ್ಡರ್ ಹೆಂಡತಿಗೆ ಹೇಳುತ್ತಿದ್ದದ್ದು ತೆಳು ಗೋಡೆಯ ಈಚೆಗೆ ಚೆನ್ನಾಗಿ ಕೇಳುತ್ತಿತ್ತು: “ಅಣ್ಣ ಓದಿದ್ದು ನೀನು ಕೇಳ್ಬೇಕಿತ್ತು ಕಣೇ. ಅಜ್ಜನೇ ಬಂದು ನಿಂತ ಹಾಗಿತ್ತು.” ಫಿಟ್ಟರನ ಕೈ ಚಿಲಕದ ಮೇಲೆಯೇ ನಿಂತಿತು. ಹೇಳಿದರೆ ಪಟ್ಟಿ ಹೊರಗೆ ಹಾಕಿದ್ದಕ್ಕೆ ಅವಳ ಕೆಲಸ ಹೋಗುತ್ತದೆ. ಹೋದರೂ ಹಾಕಿದ ಸಹಿ ವಾಪಸು ಬರುವುದಿಲ್ಲ. ಇನ್ನು ಈ ಬೀದಿಯಲ್ಲಿ, ಬರೆದವಳು ಒಬ್ಬಳು, ಓದಿದವನು ಒಬ್ಬ, ಇಬ್ಬರೂ ಒಂದೇ ಮನೆಯವರು ಎಂದರೆ ಯಾರು ಏನನ್ನು ನಂಬುತ್ತಾರೆ? ಅವನು ಹಿಂದಕ್ಕೆ ಬಂದು ಗೋಡೆಯ ಕಡೆ ಮುಖ ಮಾಡಿ ಕೂತ.

“ಈ ಮಾತು ಈ ಮನೆಯಿಂದ ಆಚೆ ಹೋಗಬಾರ್ದು” ಎಂದ. ಇಪ್ಪತ್ತಾರು ವರ್ಷದ ಹಿಂದೆ ಒಬ್ಬ ಸಂಪಾದಕರು ಹೇಳಿದ್ದನ್ನು ಈಗ ಗಂಡ ಹೇಳಿದ. ಅಂದು ಆಗಿದ್ದ ಹೆಮ್ಮೆ ಮಾತ್ರ ಇಂದು ಆಗಲಿಲ್ಲ.

ಮೂರು ತಿಂಗಳಿಗೆ ಶೆಡ್ಡು ಮುಚ್ಚಿತು. ಅರವತ್ತೆರಡು ಹೆಸರು ಗೇಟಿನ ಮೇಲೆ ಅಂಟಿದವು. ಫಿಟ್ಟರನದು ಇರಲಿಲ್ಲ, ವೆಲ್ಡರನದೂ ಇರಲಿಲ್ಲ. ಬೀದಿಯಲ್ಲಿ ಬೈಗುಳ ಕೇಳಿಬಂತು, ಸಾಹೇಬರ ವಂಶವನ್ನೆಲ್ಲ ಜಾಲಾಡಿದರು. ಗಾರ್ಡಜ್ಜನನ್ನು ಮಾತ್ರ ಒಬ್ಬರೂ ಬೈಯಲಿಲ್ಲ. “ಪಾಪ, ಅಜ್ಜನ್ನೂ ನಂಬಿಸಿ ಕುತ್ತಿಗೆ ಕೊಯ್ದಿದಾರೆ” ಎಂದರು. “ಆ ಮುದುಕನಿಗೆ ಎಷ್ಟು ಬೇಜಾರಾಗಿರಬೇಕು!” ಎಂದು ಮರುಗಿದರು. ಪ್ರೂಫಕ್ಕ ನಲ್ಲಿಯ ಹತ್ತಿರ ಕೊಡ ಹಿಡಿದು ನಿಂತು ಇದನ್ನೆಲ್ಲ ಕೇಳಿಸಿಕೊಂಡಳು. ಬೈದಿದ್ದರೆ ಎಷ್ಟೋ ಮೇಲಿತ್ತು.

ಸಂಪಾದಕರು ಮತ್ತೆ ಕರೆಸಿದರು. “ಜನ ನೊಂದಿದ್ದಾರೆ. ಈ ತಿಂಗಳು ಅಜ್ಜ ಸಮಾಧಾನ ಹೇಳ್ಲಿ. ಈ ಸಲ ನೀವೇ ಬರೆದುಬಿಡಿ, ನಂಗೆ ಪುರುಸೊತ್ತಿಲ್ಲ” ಎಂದರು. ಆಗಲ್ಲ ಎನ್ನಲು ಈಗ ಮನೆಯಲ್ಲಿ ಇನ್ನೊಂದು ಕೆಲಸ ಇರಲಿಲ್ಲ. ತೆರೆಯದ ಕಿಟಕಿಯ ಪಕ್ಕದಲ್ಲಿ ಕೂತು ಬರೆದಳು. ಕ್ಷಮೆ ಕೇಳುವ ಹಾಗಿರಲಿಲ್ಲ, ಆದ್ದರಿಂದ ಕ್ಷಮೆ ಎಂಬ ಪದವಿಲ್ಲದೆ ಪ್ರತಿ ಸಾಲಿನಲ್ಲೂ ಅದನ್ನೇ ಕೇಳಿದಳು. ನನ್ನ ಮಾತು ನಂಬಿ ಇಳಿದವರು ನೀವು, ನಾನಿನ್ನೂ ಗಾಡಿಯಲ್ಲೇ ಕೂತಿದ್ದೇನೆ ಎಂದು ಬರೆದಳು. ಸಂಪಾದಕರು ಓದಿ, “ಮನಸ್ಸಿಗೆ ತಟ್ಟುತ್ತೆ” ಎಂದು ಸಹಿ ಹಾಕಿದರು.

ಸಂಚಿಕೆ ಬಂದ ಸಂಜೆ, ಶೆಡ್ಡಿಲ್ಲದ್ದರಿಂದ, ಹಳೆಯ ಗುಂಪಿನ ಎಂಟು ಹತ್ತು ಜನ ಫಿಟ್ಟರನ ಮನೆಯ ಮೆಟ್ಟಿಲ ಬಳಿಗೇ ಬಂದರು. ವೆಲ್ಡರ್ ಪತ್ರಿಕೆಯನ್ನು ಕೊನೆಯ ಪುಟಕ್ಕೆ ತಿರುಗಿಸಿ ಅವನ ಕೈಗಿತ್ತ. ಫಿಟ್ಟರ್ ಕಣ್ಣು ಸರಿಯಿಲ್ಲ ಎಂದ, ಗಂಟಲು ಕೆಟ್ಟಿದೆ ಎಂದ. ಯಾರೂ ಕೇಳಲಿಲ್ಲ. ಒಬ್ಬ ತನ್ನ ಕನ್ನಡಕವನ್ನೇ ತೆಗೆದು ಅವನಿಗೆ ಕೊಟ್ಟ.

ಅವನು ಓದಿದ. ಅಜ್ಜನ ಗಂಟಲು ತೆಗೆಯದೆ, ಎಲ್ಲೂ ನಿಲ್ಲಿಸದೆ ಓದಲು ನೋಡಿದ. ಮೂರನೆಯ ಸಾಲಿಗೆ ಅದು ಸಾಗಲಿಲ್ಲ. ಸಾಲುಗಳೇ ಅವನನ್ನು ಎಳೆದುಕೊಂಡು ಹೋದವು. ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸತೊಡಗಿದ. ಒಳಗೆ ಪ್ರೂಫಕ್ಕ ಬಾಗಿಲ ಹಿಂದೆ ನಿಂತಿದ್ದಳು. ಅವನು ಒಮ್ಮೆಯೂ ಆ ಕಡೆ ನೋಡಲಿಲ್ಲ. ಮುಗಿದಾಗ ಒಬ್ಬಿಬ್ಬರು ಕಣ್ಣೊರೆಸಿಕೊಂಡರು.

“ನೋಡು, ನಮ್ಮ ಹೊಟ್ಟೆಯೊಳಗಿರೋದೇ ಬರೆದಿದ್ದಾನೆ ಅಜ್ಜ” ಎಂದ ವೆಲ್ಡರ್. “ಅವನೊಬ್ಬ ಇದ್ದಾನೆ ನಮಗೆ. ಇನ್ನೊಂದ್ಸಲ ಓದಣ್ಣ.”

ಫಿಟ್ಟರ್ ಕನ್ನಡಕ ಸರಿಮಾಡಿಕೊಂಡು ಮೊದಲ ಸಾಲಿನಿಂದ ಮತ್ತೆ ಓದಿದ.